ನಿಗಮ: ಪೇಟೆಯ ಸಭೆಯಿಂದ ಸಂಪುಟ ದರ್ಜೆಯವರೆಗೆ

ಸಂಪುಟ ವಿಸ್ತರಣೆ ಮುಗಿದ ಮರುದಿನದ ಪತ್ರಿಕೆಯಲ್ಲಿ ‘ನಿಗಮ–ಮಂಡಳಿ’ ಎಂಬ ಜೋಡಿ ಪದ ಕಾಣಿಸಿಕೊಳ್ಳುವುದು ನಮಗೆ ರೂಢಿಯಾಗಿಬಿಟ್ಟಿದೆ. ಮಂತ್ರಿಗಿರಿ ತಪ್ಪಿದವರಿಗೆ ನಿಗಮ ‘ಸಿಗುತ್ತದೆ’. ಮುನಿಸಿಕೊಂಡ ಶಾಸಕರಿಗೆ ನಿಗಮ ‘ಕೊಟ್ಟು’ ಸಮಾಧಾನ ಮಾಡುತ್ತಾರೆ. ಈ ಬಳಕೆಯಲ್ಲಿ ನಿಗಮವೆಂದರೆ ಒಂದು ಕುರ್ಚಿ, ಒಂದು ಕಾರು, ಬಾಗಿಲ ಮೇಲೊಂದು ನಾಮಫಲಕ. ಅದೇ ಪದ ಭಜನೆಯಲ್ಲಿ ಕಿವಿಗೆ ಬಿದ್ದರೆ ಅದರ ಅರ್ಥ ವೇದ. ಉತ್ತರ ಭಾರತದ ಯಾವುದೋ ನಗರದಲ್ಲಿ ಕಸದ ಗಾಡಿಯ ಮೇಲೆ ಬರೆದಿದ್ದರೆ ಅದು ಊರಿನ ಆಡಳಿತ. ಪಾಲಿ ಗ್ರಂಥಗಳಲ್ಲಿ ಅದು ಪೇಟೆ, ಹಳೆಯ ಮುದ್ರೆಗಳ ಮೇಲೆ ವರ್ತಕರ ಕೂಟ.

ಇಷ್ಟು ಅರ್ಥಗಳು ಒಂದೇ ಪದಕ್ಕೆ ಹೇಗೆ ಕೂಡಿಬಂದವು ಎಂಬುದು ಭಾಷೆಯ ಕುತೂಹಲ. ಆದರೆ ನನಗೆ ಇದು ಕುತೂಹಲಕ್ಕಷ್ಟೇ ನಿಲ್ಲುವ ವಿಷಯವಲ್ಲ. ಸಾರ್ವಜನಿಕ ಹಣದಿಂದ ನಡೆಯುವ ಅರೆಸರ್ಕಾರಿ ಸಂಸ್ಥೆಗಳು ತಮ್ಮ ಆಡಳಿತಕ್ಕೆ ಎಷ್ಟು ಖರ್ಚು ಮಾಡುತ್ತವೆ, ತಮ್ಮ ಹೆಸರನ್ನು ಮೆರೆಸಲು ಎಷ್ಟು ಸುರಿಯುತ್ತವೆ ಎಂದು ಕೇಳುವ ಹಕ್ಕು ಈ ಪದದ ಹಳೆಯ ಬಾಳಿನೊಳಗೇ ಇದೆ.

‘ಗಮ್’ ಧಾತುವಿಗೆ ‘ನಿ’ ಉಪಸರ್ಗ ಸೇರಿ ನಿಗಮವಾಯಿತು. ಗಮ್ ಎಂದರೆ ಹೋಗು. ನಿ ಎಂದರೆ ಒಳಕ್ಕೆ, ನೆಲೆಗೆ. ಒಳಹೊಕ್ಕು ಸೇರುವ ಜಾಗವೇ ನಿಗಮ. ಆಗಮ, ನಿರ್ಗಮ, ಸಂಗಮಗಳೆಲ್ಲ ಇದರ ಒಡಹುಟ್ಟುಗಳು. ಪಾಣಿನಿಯ ಕಾಲಕ್ಕಾಗಲೇ ಪದ ಎರಡು ದಾರಿ ಹಿಡಿದಿತ್ತು. ಅಷ್ಟಾಧ್ಯಾಯಿಯ ಆರನೆಯ ಅಧ್ಯಾಯದಲ್ಲಿ ‘ನಿಗಮದಲ್ಲಿ’ ಹೀಗೆ ರೂಪವಾಗುತ್ತದೆ ಎಂದು ಅವನು ಹೇಳುವಾಗ ವೇದದ ಭಾಷೆಯಲ್ಲಿ ಎಂದೇ ಅರ್ಥ. ಮೂರನೆಯ ಅಧ್ಯಾಯದ ಸೂತ್ರವೊಂದರಲ್ಲಿ ಮಾತ್ರ ನಿಗಮ ಬೇರೆಯೇ ನೆರೆಹೊರೆಯಲ್ಲಿದೆ. ಅಲ್ಲಿ ಗೋಚರ, ಸಂಚರ, ವ್ರಜ ಮುಂತಾದ ಪದಗಳ ಸಾಲಿನ ಕೊನೆಯಲ್ಲಿ ಅದು ‘ಆಪಣ’ದ ಮಗ್ಗುಲಿಗೆ ಕೂತಿದೆ. ಆಪಣ ಎಂದರೆ ಅಂಗಡಿ.

ವೇದದ ದಾರಿ ಹಿಡಿದ ನಿಗಮ ನಮಗೆ ಇನ್ನೆರಡು ಪದಗಳನ್ನು ಕೊಟ್ಟಿತು. ಯಾಸ್ಕ ತನ್ನ ನಿರುಕ್ತದ ಆರಂಭದಲ್ಲಿಯೇ ‘ನಿಘಂಟು’ ಎಂಬ ಹೆಸರು ಏಕೆ ಬಂತು ಎಂದು ಕೇಳಿಕೊಂಡು, ಅದನ್ನು ನಿಗಮಕ್ಕೆ ಒಯ್ದು ಜೋಡಿಸುತ್ತಾನೆ: ವೇದದಿಂದ ಆರಿಸಿ ತಂದ ಪದಗಳ ಪಟ್ಟಿ ನಿಘಂಟು. ಇಂದು ಪದದ ಅರ್ಥ ಹುಡುಕಲು ನಾವು ಕೈಗೆತ್ತಿಕೊಳ್ಳುವ ಪುಸ್ತಕದ ಹೆಸರಿಗೂ ಈ ಪದಕ್ಕೂ ಅವನು ಕಂಡ ನಂಟು ಇದು. ನ್ಯಾಯಶಾಸ್ತ್ರದಲ್ಲಿ ವಾದದ ಐದು ಅವಯವಗಳಲ್ಲಿ ಕೊನೆಯದು ‘ನಿಗಮನ’. ಪ್ರತಿಜ್ಞೆಯಿಂದ ಹೊರಟ ಮಾತು ಹೇತು, ಉದಾಹರಣೆಗಳನ್ನು ದಾಟಿ ಬಂದು ನೆಲೆ ನಿಲ್ಲುವ ಹಂತ ಅದು.

ಅಂಗಡಿಯ ಪಕ್ಕದ ನಿಗಮ ಬೌದ್ಧರ ಪಾಲಿ ಗ್ರಂಥಗಳಲ್ಲಿ ಹೇರಳವಾಗಿ ಸಿಗುತ್ತದೆ. ಅಲ್ಲಿ ಗಾಮಕ್ಕಿಂತ ದೊಡ್ಡದು, ನಗರಕ್ಕಿಂತ ಚಿಕ್ಕದು ನಿಗಮ. ಸುತ್ತಲಿನ ಹಳ್ಳಿಗಳ ಸರಕು ಬಂದು ಸೇರುವ ಪೇಟೆ. ಅಮರಕೋಶ ಈ ಎಲ್ಲವನ್ನೂ ಒಟ್ಟಿಗೆ ಹಿಡಿದು ನಿಗಮಕ್ಕೆ ವರ್ತಕರ ದಾರಿ, ಊರು, ವೇದ ಎಂಬ ಮೂರು ಅರ್ಥ ಕೊಡುತ್ತದೆ. ಪೇಟೆ ಎಂಬ ಅರ್ಥದಿಂದ ಪೇಟೆಯನ್ನು ನಡೆಸುವ ಜನ ಎಂಬ ಅರ್ಥಕ್ಕೆ ಹೆಚ್ಚು ದೂರವಿಲ್ಲ. ಆಂಧ್ರದ ಭಟ್ಟಿಪ್ರೋಲುವಿನ ಸ್ತೂಪದಲ್ಲಿ ಸಿಕ್ಕ ಕಲ್ಲಿನ ಕರಂಡಕದ ಮೇಲೆ ‘ನೆಗಮಾ’ ಎಂದು ಬರೆದು, ಅದರ ಕೆಳಗೆ ಸದಸ್ಯರ ಹೆಸರುಗಳನ್ನು ಒಂದೊಂದಾಗಿ ಕೊರೆದಿದ್ದಾರೆ. ಕ್ರಿಸ್ತಪೂರ್ವದ ಆ ಬರಹದಲ್ಲಿ ನಿಗಮಕ್ಕೆ ಕಟ್ಟಡವಿಲ್ಲ, ಅಧ್ಯಕ್ಷರಿಲ್ಲ. ಇರುವುದು ಕೂಡಿಕೊಂಡು ಕೊಟ್ಟವರ ಹೆಸರುಗಳಷ್ಟೆ.

ಮುದ್ರೆಗಳೂ ಸಿಕ್ಕಿವೆ. ಅಲಹಾಬಾದಿನ ಬಳಿಯ ಭೀಟಾದಲ್ಲಿ ಜಾನ್ ಮಾರ್ಷಲ್ ಅಗೆಸಿದಾಗ ‘ಸಹಿಜಿತಿಯ ನಿಗಮದ್ದು’ ಎಂಬ ಅರ್ಥದ ಪ್ರಾಚೀನ ಬ್ರಾಹ್ಮಿ ಬರಹದ ಮುದ್ರೆ ಹೊರಬಂತು. ವೈಶಾಲಿಯಲ್ಲಿ, ಇಂದಿನ ಬಸಾಢದಲ್ಲಿ, ಗುಪ್ತರ ಕಾಲದ ಮಣ್ಣಿನ ಮುದ್ರೆಗಳು ನೂರಾರು ಸಿಕ್ಕವು. ಶ್ರೇಷ್ಠಿಗಳು, ಸಾರ್ಥವಾಹರು, ಕುಲಿಕರು ಸೇರಿದ ನಿಗಮದ ಗುರುತು ಅವುಗಳ ಮೇಲಿದೆ. ಪತ್ರಕ್ಕೋ ಮೂಟೆಗೋ ದಾರ ಕಟ್ಟಿ, ಗಂಟಿನ ಮೇಲೆ ಹಸಿ ಮಣ್ಣು ಮೆತ್ತಿ, ಮುದ್ರೆ ಒತ್ತುತ್ತಿದ್ದರು. ನಿಗಮಕ್ಕೆ ಲಾಂಛನ ಇಂದಿನ ಆವಿಷ್ಕಾರವಲ್ಲ. ಆದರೆ ಆ ಮುದ್ರೆ ಮಾಡುತ್ತಿದ್ದ ಕೆಲಸ ಸ್ಪಷ್ಟವಾಗಿತ್ತು: ಒಳಗಿರುವುದಕ್ಕೆ ನಾವು ಹೊಣೆ ಎಂದು ಹೇಳುವುದು.

ಆ ಹೊಣೆ ಹೇಗಿತ್ತು ಎಂಬುದನ್ನು ನಾಸಿಕದ ಪಾಂಡವಲೇಣಿಯ ಗೋಡೆಯ ಮೇಲೆ ಇಂದಿಗೂ ಓದಬಹುದು. ಕ್ಷಹರಾತ ದೊರೆ ನಹಪಾನನ ಅಳಿಯ ಉಷವದಾತ ಅಲ್ಲಿನ ಗುಹೆಯನ್ನು ಬೌದ್ಧ ಸಂಘಕ್ಕೆ ಕೊಟ್ಟು, ಜೊತೆಗೆ 3,000 ಕಾರ್ಷಾಪಣಗಳ ಅಕ್ಷಯನಿಧಿಯನ್ನೂ ಇಟ್ಟ. ಹಣವನ್ನು ಗೋವರ್ಧನದ ನೇಕಾರರ ಎರಡು ಶ್ರೇಣಿಗಳಲ್ಲಿ, ಅಂದರೆ ಕಸುಬಿನ ಕೂಟಗಳಲ್ಲಿ, ತೊಡಗಿಸಿದ. 2,000 ಒಂದು ಶ್ರೇಣಿಯಲ್ಲಿ, ತಿಂಗಳಿಗೆ ನೂರಕ್ಕೆ ಒಂದರಂತೆ. 1,000 ಇನ್ನೊಂದರಲ್ಲಿ, ನೂರಕ್ಕೆ ಮುಕ್ಕಾಲರಂತೆ. ಅಸಲು ಹಿಂದಿರುಗಿಸುವಂತಿಲ್ಲ, ಬಡ್ಡಿ ಮಾತ್ರ ಬಳಸಬೇಕು. ಮೊದಲ ಮೊತ್ತದ ಬಡ್ಡಿಯಿಂದ, ಮಳೆಗಾಲದಲ್ಲಿ ಗುಹೆಯಲ್ಲಿ ತಂಗುವ 20 ಭಿಕ್ಷುಗಳಿಗೆ ಬಟ್ಟೆಗೆಂದು ತಲಾ 12 ಕಾರ್ಷಾಪಣ ಕೊಡಬೇಕು.

ಲೆಕ್ಕ ಹಾಕಿ ನೋಡಿ. 2,000ಕ್ಕೆ ತಿಂಗಳಿಗೆ 20, ವರ್ಷಕ್ಕೆ 240. ಇಪ್ಪತ್ತು ಜನಕ್ಕೆ ತಲಾ ಹನ್ನೆರಡು, ಅದೂ 240. ನಡುವೆ ಒಂದು ಕಾಸೂ ಸೋರಿಲ್ಲ. ಶ್ರೇಣಿಯ ಗಳಿಕೆ ಅಸಲನ್ನು ದುಡಿಸಿಕೊಳ್ಳುವುದರಲ್ಲಿತ್ತು. ಭಿಕ್ಷುಗಳಿಗೆ ಸಲ್ಲಬೇಕಾದುದರಲ್ಲಿ ಅದಕ್ಕೆ ಪಾಲಿರಲಿಲ್ಲ. ನಿರ್ವಹಣೆಯ ಖರ್ಚು ಎಲ್ಲಿಂದ ಹುಟ್ಟಬೇಕು, ಎಲ್ಲಿಂದ ಹುಟ್ಟಬಾರದು ಎಂಬುದು ಠೇವಣಿ ಇಟ್ಟ ದಿನವೇ ತೀರ್ಮಾನವಾಗಿತ್ತು.

ನಮ್ಮ ಪದ ಬರುವುದು ಶಾಸನದ ಮುಂದಿನ ಮಾತಿನಲ್ಲಿ. ಇದೆಲ್ಲವನ್ನೂ ‘ನಿಗಮಸಭೆ’ಯಲ್ಲಿ ಎಲ್ಲರಿಗೂ ಕೇಳುವಂತೆ ಓದಿ ಹೇಳಿ, ಪದ್ಧತಿಯ ಪ್ರಕಾರ ಫಲಕದಲ್ಲಿ ದಾಖಲಿಸಲಾಯಿತು ಎಂದು ಅದು ಹೇಳುತ್ತದೆ. ರಾಜನ ಅಳಿಯನೇ ಕೊಟ್ಟ ಹಣವಾದರೂ ಪೇಟೆಯ ಸಭೆಯಲ್ಲಿ ಅದನ್ನು ಓದಲೇಬೇಕಿತ್ತು. ಆಗಿನ ಫಲಕ ಲೆಕ್ಕ ಬರೆದಿಡುವ ಹಲಗೆಯಾಗಿತ್ತು. ಇಂದು ನಿಗಮಗಳ ಬಾಗಿಲಲ್ಲಿ ಫಲಕ ಉಳಿದಿದೆ, ಅದರ ಮೇಲೆ ಹೆಸರಷ್ಟೇ ಇದೆ.

ಧರ್ಮಶಾಸ್ತ್ರಕಾರರು ಇಂಥ ಕೂಟಗಳಿಗೆ ನಿಯಮ ಬರೆದರು. ಸಮೂಹದ ಕೆಲಸ ನೋಡಿಕೊಳ್ಳುವವರು ಧರ್ಮ ಬಲ್ಲವರು, ಶುದ್ಧರು, ಆಸೆಬುರುಕರಲ್ಲದವರು ಆಗಿರಬೇಕು ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ಸಮೂಹದ ಕೆಲಸಕ್ಕೆಂದು ಹೋದವನು ಅಲ್ಲಿ ತನಗೆ ಸಿಕ್ಕಿದ್ದನ್ನು ತಂದೊಪ್ಪಿಸಬೇಕು. ತಾನಾಗಿ ಒಪ್ಪಿಸದಿದ್ದರೆ ಹನ್ನೊಂದು ಪಟ್ಟು ತೆರಬೇಕು. ಸಮೂಹದ ಸೊತ್ತು ಕದ್ದವನ ಆಸ್ತಿಯನ್ನೆಲ್ಲ ಕಿತ್ತುಕೊಂಡು ನಾಡಿನಿಂದ ಹೊರಗಟ್ಟಬೇಕು. ಶ್ರೇಣಿ, ನೈಗಮ, ಪಾಖಂಡಿ, ಗಣ ಎಲ್ಲಕ್ಕೂ ಇದೇ ವಿಧಿ ಎಂದು ಆ ಭಾಗ ಮುಗಿಯುವ ಹೊತ್ತಿಗೆ ಸ್ಮೃತಿ ಹೇಳುತ್ತದೆ.

ಆ ‘ನೈಗಮ’ ಯಾರು ಎಂಬಲ್ಲಿ ಕನ್ನಡ ನಾಡಿನ ಒಬ್ಬ ಪಂಡಿತ ಪದದ ದಾರಿ ಬದಲಿಸಿದ. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಕೂತು ಮಿತಾಕ್ಷರ ಬರೆದ ವಿಜ್ಞಾನೇಶ್ವರ ನೈಗಮರೆಂದರೆ ವೇದವನ್ನು ಆಪ್ತವಚನವೆಂದು ಒಪ್ಪುವ ಪಾಶುಪತರೇ ಮುಂತಾದವರು ಎಂದು ವಿವರಿಸಿದ. ಅದೇ 12ನೆಯ ಶತಮಾನದಲ್ಲಿ ಕೊಂಕಣದ ಶಿಲಾಹಾರ ದೊರೆ ಅಪರಾದಿತ್ಯ ಅದೇ ಸ್ಮೃತಿಗೆ ವ್ಯಾಖ್ಯಾನ ಬರೆಯುತ್ತ, ನೈಗಮರೆಂದರೆ ಪರದೇಶದ ವ್ಯಾಪಾರಕ್ಕೆ ಒಟ್ಟಾಗಿ ಹೊರಡುವ ನಾನಾ ಜಾತಿಯ ವರ್ತಕರು ಎಂದ. ರೇವುಪಟ್ಟಣಗಳ ರಾಜನಿಗೆ ವರ್ತಕರು ಕಂಡರು, ಕಲ್ಯಾಣದ ಮೀಮಾಂಸಕನಿಗೆ ವೇದ ಕಂಡಿತು.

ಕನ್ನಡದಲ್ಲಿ ಗೆದ್ದದ್ದು ವಿಜ್ಞಾನೇಶ್ವರನ ಅರ್ಥ. ಅದಕ್ಕೆ ಕಾರಣವೂ ಇದೆ. ವರ್ತಕರ ಕೂಟಕ್ಕೆ ನಮ್ಮ ಶಾಸನಗಳಲ್ಲಿ ಬೇರೆ ಪದಗಳು ಬೇರೂರಿದ್ದವು: ನಕರ, ನಾನಾದೇಶಿ, ಮುಮ್ಮುರಿದಂಡ, ಎಲ್ಲಕ್ಕಿಂತ ಮಿಗಿಲಾಗಿ ಅಯ್ಯಾವೊಳೆಯ ಐನೂರ್ವರು. ಪೇಟೆಯ ಕೆಲಸಕ್ಕೆ ಅವು ಇದ್ದುದರಿಂದ ನಿಗಮ ಗುಡಿಗೆ, ಮಠಕ್ಕೆ ಸೇರಿತು. ವೇದಾಂತ ದೇಶಿಕರು ನಿಗಮಾಂತ ಮಹಾದೇಶಿಕರಾದರು. ದಾಸರು ದೇವರನ್ನು ನಿಗಮಗೋಚರ, ನಿಗಮವೇದ್ಯ ಎಂದು ಕೊಂಡಾಡಿದರು. ನಮ್ಮ ಅಜ್ಜಿಯರ ತಲೆಮಾರಿಗೆ ‘ಆಗಮ ನಿಗಮ’ ಎಂದರೆ ಶಾಸ್ತ್ರವೇ ಹೊರತು ಕಚೇರಿಯಲ್ಲ.

ಪೇಟೆಯ ನಿಗಮ ಮರಳಿ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ, ಇಂಗ್ಲಿಷಿನ ‘ಕಾರ್ಪೊರೇಷನ್’ಗೆ ದೇಸಿ ಹೆಸರು ಬೇಕಾದಾಗ. ಆರ್.ಸಿ. ಮಜುಮ್‌ದಾರರಂಥ ಇತಿಹಾಸಕಾರರು ಪ್ರಾಚೀನ ಭಾರತದ ಶ್ರೇಣಿ, ನಿಗಮಗಳನ್ನು ಬೆಳಕಿಗೆ ತಂದಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಆಡಳಿತಕ್ಕೆ ಸಂಸ್ಕೃತ ಮೂಲದ ಪದಗಳನ್ನು ಹೊಂದಿಸಿದವರ ಕೈಗೆ ನಿಗಮ ಸಿದ್ಧವಾಗಿ ಸಿಕ್ಕಿತು. ಹಿಂದಿ ಅದನ್ನು ಊರಿಗೂ ಕೊಟ್ಟಿತು, ಅಲ್ಲಿ ಮಹಾನಗರದ ಆಡಳಿತ ‘ನಗರ ನಿಗಮ’. ಕನ್ನಡ ಊರಿಗೆ ‘ಪಾಲಿಕೆ’ಯನ್ನು ಇಟ್ಟುಕೊಂಡು, ನಿಗಮವನ್ನು ಸರ್ಕಾರದ ಉದ್ಯಮಗಳಿಗೆ ಮೀಸಲಿಟ್ಟಿತು. 1948ರ ದಾಮೋದರ ಕಣಿವೆ ನಿಗಮ, 1956ರ ಜೀವ ವಿಮಾ ನಿಗಮ, 1961ರಲ್ಲಿ ಮೈಸೂರು ಸರ್ಕಾರದ ಸಾರಿಗೆ ಇಲಾಖೆ ರೂಪಾಂತರಗೊಂಡು ಆದ ರಸ್ತೆ ಸಾರಿಗೆ ನಿಗಮ ಹೀಗೆ ಬಂದವು.

ಇಲಾಖೆ ಇರುವಾಗ ನಿಗಮ ಏಕೆ? ದಾಮೋದರ ನಿಗಮಕ್ಕೆ ಮಾದರಿಯಾದ ಅಮೆರಿಕದ ಟೆನೆಸಿ ಕಣಿವೆ ಪ್ರಾಧಿಕಾರವನ್ನು 1933ರಲ್ಲಿ ಸ್ಥಾಪಿಸುವಾಗ ಅಧ್ಯಕ್ಷ ರೂಸ್‌ವೆಲ್ಟ್ ಮುಂದಿಟ್ಟ ವಾದ ಇಂದಿಗೂ ಸರಿಯಾಗಿದೆ: ಸರ್ಕಾರದ ಅಧಿಕಾರ, ಖಾಸಗಿ ಉದ್ಯಮದ ಚುರುಕು ಎರಡೂ ಒಂದೇ ಸಂಸ್ಥೆಯಲ್ಲಿರಬೇಕು. ಬಸ್ಸಿನ ಟಯರು ಬದಲಿಸಲು ಕಡತ ಸಚಿವಾಲಯಕ್ಕೆ ಹೋಗಿ ಬರಬಾರದು. ಆ ಚುರುಕಿಗಾಗಿ ನಾವು ನಿಗಮಗಳಿಗೆ ಒಂದಿಷ್ಟು ಸ್ವಾತಂತ್ರ್ಯ ಕೊಟ್ಟೆವು. ಸ್ವಂತ ಖಾತೆ, ಸ್ವಂತ ನೇಮಕ, ಸ್ವಂತ ಲಾಂಛನ ಆ ಸ್ವಾತಂತ್ರ್ಯದ ಭಾಗ.

ಖರ್ಚು ಬೆಳೆದದ್ದೂ ಅಲ್ಲಿಯೇ. ಮನೆ ಪಾಲಾದಾಗ ಒಲೆಗಳು ಹೆಚ್ಚುವಂತೆ, ನಿಗಮ ಒಡೆದಾಗಲೆಲ್ಲ ಕೇಂದ್ರ ಕಚೇರಿ, ವ್ಯವಸ್ಥಾಪಕ ನಿರ್ದೇಶಕರು, ಲೆಕ್ಕ ಶಾಖೆ, ಕಾರುಗಳು ಇನ್ನೊಂದು ಸೆಟ್ ಬೇಕಾಗುತ್ತವೆ. ರಾಜ್ಯದ ಸಾರಿಗೆ ನಿಗಮ 1997ರಿಂದ 2000ದ ನಡುವೆ ನಾಲ್ಕಾಯಿತು. ವಿದ್ಯುತ್ ಮಂಡಳಿ 1999ರಲ್ಲಿ ಪ್ರಸರಣ ನಿಗಮವಾಗಿ, 2002ರಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳಾಗಿ ಕವಲೊಡೆಯಿತು, ಮೈಸೂರಿನ ಕಂಪನಿ ಆಮೇಲೆ ಬಂತು. ಯಾವ ಭಾಗದಲ್ಲಿ ಎಷ್ಟು ನಷ್ಟ ಎಂಬುದು ಬೇರೆಬೇರೆಯಾಗಿ ಕಾಣಲಿ ಎಂಬುದು ಆ ವಿಭಜನೆಯ ಒಂದು ಉದ್ದೇಶ, ಅದು ಒಳ್ಳೆಯ ಉದ್ದೇಶವೇ. ಹಳ್ಳಿಯಲ್ಲಿ ಲೈನ್‌ಮನ್ ಬಂದರೆ ಇಂದಿಗೂ ‘ಕೆಇಬಿಯವರು ಬಂದರು’ ಎನ್ನುತ್ತಾರೆ. ಜನರಿಗೆ ಬೇಕಾದದ್ದು ಕರೆಂಟು. ಹೊಸ ಹೆಸರು, ಹೊಸ ಲಾಂಛನಗಳ ಖರ್ಚು ಆ ಮಾತನ್ನು ಬದಲಿಸಲಿಲ್ಲ. ವಿಭಜನೆಯೇ ಕೊನೆಯ ಮಾತೂ ಅಲ್ಲ. ದೆಹಲಿಯ ನಗರ ನಿಗಮವನ್ನು 2012ರಲ್ಲಿ ಮೂರು ಮಾಡಿ, ಹಣಕಾಸಿನ ಅಸಮತೋಲನದಿಂದ ಬಸವಳಿದ ಮೇಲೆ 2022ರಲ್ಲಿ ಮತ್ತೆ ಒಂದು ಮಾಡಿದರು.

ಅಭಿವೃದ್ಧಿ ನಿಗಮಗಳ ವಿಷಯದಲ್ಲಿ ಮಾತು ಇನ್ನೂ ಎಚ್ಚರದಿಂದ ಆಡಬೇಕು. ಅಂಬೇಡ್ಕರ್ ನಿಗಮ, ದೇವರಾಜ ಅರಸು ನಿಗಮ, ವಾಲ್ಮೀಕಿ ನಿಗಮ ಮುಂತಾದವು ಸಾಲ, ಸಹಾಯಧನ, ಗಂಗಾ ಕಲ್ಯಾಣದ ಕೊಳವೆಬಾವಿ ಕೊಡುತ್ತವೆ. ಸಣ್ಣ ಸಮುದಾಯವೊಂದು ದೊಡ್ಡ ಸರದಿಯಲ್ಲಿ ಕೊನೆಗೇ ಉಳಿದು, ತನಗೊಂದು ನಿಗಮ ಬೇಕೆಂದು ಕೇಳುವುದರಲ್ಲಿ ನ್ಯಾಯವಿದೆ. ಆದರೆ ಒಂದೇ ಕೊಳವೆಬಾವಿ ಯೋಜನೆಗೆ ಹಲವು ಕೇಂದ್ರ ಕಚೇರಿಗಳಾದಾಗ, ಬಾವಿ ತೋಡುವ ಹಣಕ್ಕೂ ಬಾಡಿಗೆ, ವಾಹನ, ಜಾಹೀರಾತಿನ ಹಣಕ್ಕೂ ಇರುವ ಅನುಪಾತ ಆ ಸಮುದಾಯಕ್ಕೇ ತಿಳಿದಿರಬೇಕು. ನಿಗಮ ಬಂತು ಎಂಬ ಸಂಭ್ರಮದ ಜೊತೆಗೆ ನಿಗಮದಿಂದ ಎಷ್ಟು ಬಂತು ಎಂಬ ಲೆಕ್ಕವೂ ಬರಬೇಕು.

ಕುರ್ಚಿಗಳಿಗೆ ಬೇಡಿಕೆ ಹೆಚ್ಚಲು ಇನ್ನೊಂದು ಕಾರಣವಿದೆ. 2003ರ 91ನೆಯ ಸಂವಿಧಾನ ತಿದ್ದುಪಡಿ ಮಂತ್ರಿಗಳ ಸಂಖ್ಯೆಯನ್ನು ವಿಧಾನಸಭೆಯ ಶೇ 15ಕ್ಕೆ ಮಿತಿಗೊಳಿಸಿತು. 224 ಸ್ಥಾನಗಳ ನಮ್ಮ ಸಭೆಯಲ್ಲಿ ಮುಖ್ಯಮಂತ್ರಿ ಸೇರಿ 34. ಸಂಪುಟದ ಬಾಗಿಲು ಕಿರಿದಾದಂತೆ ನಿಗಮಗಳ ಬಾಗಿಲಲ್ಲಿ ನೂಕುನುಗ್ಗಲಾಯಿತು. 2024ರ ಜನವರಿಯಲ್ಲಿ 30ಕ್ಕೂ ಹೆಚ್ಚು ಶಾಸಕರನ್ನು ಒಟ್ಟಿಗೆ ನಿಗಮ–ಮಂಡಳಿಗಳ ಅಧ್ಯಕ್ಷರನ್ನಾಗಿ ನೇಮಿಸಿ ಸಂಪುಟ ದರ್ಜೆಯ ಸ್ಥಾನಮಾನ ಕೊಡಲಾಯಿತು. ಯಾವುದೋ ಒಂದು ಪಕ್ಷದ ರೂಢಿ ಇದಲ್ಲ, ಅಧಿಕಾರಕ್ಕೆ ಬಂದ ಎಲ್ಲರೂ ಇದೇ ದಾರಿ ತುಳಿದಿದ್ದಾರೆ. ಸಂಪುಟದ ಗಾತ್ರಕ್ಕೆ ಮಿತಿ ಹಾಕಿದ ತಿದ್ದುಪಡಿಯ ಆಶಯ ಮಾತ್ರ ಹಿತ್ತಿಲ ಬಾಗಿಲಿನಿಂದ ಸೋತುಹೋಗುತ್ತಿದೆ.

ಇನ್ನು ಹೆಸರಿನ ಖರ್ಚು. ಎಲ್ಲ ಪ್ರಚಾರವೂ ದುಂದಲ್ಲ ಎಂಬುದನ್ನು ಮೊದಲೇ ಹೇಳಬೇಕು. ಮೈಸೂರು ಸ್ಯಾಂಡಲ್ ಸಾಬೂನು ತಯಾರಿಸುವ ಸರ್ಕಾರಿ ಸಂಸ್ಥೆ 2025ರಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ರಾಯಭಾರಿಯಾಗಿ ನೇಮಿಸಿಕೊಂಡಾಗ ನಾಡಿನಲ್ಲಿ ದೊಡ್ಡ ಚರ್ಚೆಯಾಯಿತು. ಕನ್ನಡದ ನಟಿಯರಿರಲಿಲ್ಲವೇ ಎಂಬುದು ಒಂದು ಪ್ರಶ್ನೆ. ಹೊರರಾಜ್ಯಗಳ ಮಾರುಕಟ್ಟೆ ಹಿಡಿಯಬೇಕು ಎಂಬುದು ಸರ್ಕಾರದ ಉತ್ತರ. ಯಾರ ಪಕ್ಷ ವಹಿಸಿದರೂ ಒಂದು ಮಾತು ನಿಜ: ಸಾಬೂನಿಗೆ ಪ್ರತಿಸ್ಪರ್ಧಿಗಳಿದ್ದಾರೆ, ಕೊಳ್ಳುವವರಿಗೆ ಆಯ್ಕೆ ಇದೆ, ಖರ್ಚಿನ ಫಲವನ್ನು ಮಾರಾಟದಲ್ಲಿ ಅಳೆಯಬಹುದು. ಮೊತ್ತ ಬಹಿರಂಗವಾದದ್ದರಿಂದಲೇ ನಾವು ಅದನ್ನು ಚರ್ಚಿಸಲು ಸಾಧ್ಯವಾಯಿತು.

ಆಯ್ಕೆಯೇ ಇಲ್ಲದ ಸೇವೆಗೆ ಇದು ಅನ್ವಯಿಸದು. ಕರೆಂಟಿಗೆ ನಮ್ಮ ಮನೆಗೆ ಒಂದೇ ಕಂಪನಿ, ಸಾಲಕ್ಕೆ ಆ ಸಮುದಾಯಕ್ಕೆ ಒಂದೇ ನಿಗಮ. ಅಲ್ಲಿ ಜಾಹೀರಾತು ಮಾಹಿತಿಯಾಗಿರಬೇಕು: ಅರ್ಜಿಯ ಕೊನೆಯ ದಿನ, ಬೇಕಾದ ದಾಖಲೆ, ದೂರಿನ ಸಂಖ್ಯೆ. ಅಧ್ಯಕ್ಷರ ನಗುಮುಖ ಮಾಹಿತಿಯಲ್ಲ. ಎನ್.ಆರ್. ಮಾಧವ ಮೆನನ್ ಸಮಿತಿಯ ಶಿಫಾರಸಿನ ಮೇಲೆ ಸುಪ್ರೀಂ ಕೋರ್ಟ್ 2015ರ ಮೇ ತಿಂಗಳಲ್ಲಿ ಸರ್ಕಾರಿ ಜಾಹೀರಾತುಗಳಲ್ಲಿ ಯಾರ ಚಿತ್ರ ಇರಬಹುದೆಂದು ಮಿತಿ ಹಾಕಿತು. 2016ರಲ್ಲಿ ಮುಖ್ಯಮಂತ್ರಿ, ಮಂತ್ರಿಗಳ ಚಿತ್ರಕ್ಕೆ ಮತ್ತೆ ಅವಕಾಶ ಸಿಕ್ಕಿತು.

ಹೆಸರಿಗಾಗಿ ಎರಡು ಸರ್ಕಾರಿ ನಿಗಮಗಳು ನ್ಯಾಯಾಲಯದ ಮೆಟ್ಟಿಲೇರಿದ್ದೂ ಉಂಟು. ‘ಕೆಎಸ್‌ಆರ್‌ಟಿಸಿ’ ಎಂಬ ಅಕ್ಷರಗಳ ಮೇಲೆ ಕರ್ನಾಟಕ 2013ರಲ್ಲಿ ಟ್ರೇಡ್‌ಮಾರ್ಕ್ ಪಡೆದಿತ್ತು, ನಮ್ಮ ಗಂಡಭೇರುಂಡದ ಚಿತ್ರವೂ ಅದರೊಡನೆ ನೋಂದಣಿಯಾಗಿತ್ತು. ತನ್ನದೇ ಹಳೆಯ ಬಳಕೆ ಎಂದು ಕೇರಳದ ಸಾರಿಗೆ ನಿಗಮ ತಕರಾರು ತೆಗೆಯಿತು. ವ್ಯಾಜ್ಯ ವರ್ಷಗಟ್ಟಲೆ ನಡೆದು, 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿ ವಜಾ ಮಾಡಿತು. ಎರಡೂ ಕಡೆಯ ವಕೀಲರ ಶುಲ್ಕ ಹುಟ್ಟಿದ್ದು ಸಾರ್ವಜನಿಕ ಹಣದಿಂದಲೇ. ಎರಡು ರಾಜ್ಯಗಳ ಸಾರಿಗೆ ಮಂತ್ರಿಗಳು ಒಂದು ಮಧ್ಯಾಹ್ನ ಕೂತು ಬಗೆಹರಿಸಬಹುದಾಗಿದ್ದ ವಿಷಯ ಇದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ನಿಗಮಸಭೆಯಲ್ಲಿ ಓದಿ ಹೇಳುವ ಪದ್ಧತಿ ಪೂರ್ತಿ ಸತ್ತಿಲ್ಲ. ವಿದ್ಯುತ್ ದರ ಏರಿಸಬೇಕಾದರೆ ಕಂಪನಿಗಳು ಅರ್ಜಿಯ ಸಾರಾಂಶವನ್ನು ಪ್ರಕಟಿಸಿ ಆಕ್ಷೇಪಣೆ ಕೇಳಬೇಕು ಎನ್ನುತ್ತದೆ 2003ರ ವಿದ್ಯುತ್ ಕಾಯ್ದೆ. ನಮ್ಮಲ್ಲಿ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಬಹಿರಂಗ ವಿಚಾರಣೆ ನಡೆಸುತ್ತದೆ. ‘ಆಡಳಿತ ಮತ್ತು ಸಾಮಾನ್ಯ ವೆಚ್ಚ’ ಎಂಬ ಸಾಲು ಅಲ್ಲಿ ಬೇರೆಯಾಗಿಯೇ ಇರುತ್ತದೆ. ಕಂಪನಿ ಕೇಳಿದ್ದೆಷ್ಟು, ಆಯೋಗ ಒಪ್ಪಿದ್ದೆಷ್ಟು ಎಂಬುದು ಆದೇಶದಲ್ಲಿ ಅಚ್ಚಾಗುತ್ತದೆ. ರೈತರು, ಸಣ್ಣ ಕೈಗಾರಿಕೆಯವರು ಎದ್ದುನಿಂತು ಪ್ರಶ್ನೆ ಕೇಳುತ್ತಾರೆ. ಉಳಿದ ನಿಗಮಗಳಿಗೂ ಕಾನೂನು ಇದೆ. ಸರ್ಕಾರಿ ಕಂಪನಿಯ ವಾರ್ಷಿಕ ವರದಿಯನ್ನು ಸಿಎಜಿ ಅಭಿಪ್ರಾಯದೊಂದಿಗೆ ಶಾಸನಸಭೆಯ ಮುಂದಿಡಬೇಕು. ಮಾಹಿತಿ ಹಕ್ಕು ಕಾಯ್ದೆಯ 4ನೆಯ ಸೆಕ್ಷನ್ ಪ್ರಕಾರ ಬಜೆಟ್, ಸಂಬಳದ ವಿವರಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಆದರೆ ಲೆಕ್ಕ ಅಂತಿಮಗೊಳಿಸದೆ ವರ್ಷಗಟ್ಟಲೆ ಬಾಕಿ ಉಳಿಸಿಕೊಂಡ ಸಂಸ್ಥೆಗಳ ಪಟ್ಟಿ ಸಿಎಜಿ ವರದಿಗಳಲ್ಲಿ ಮತ್ತೆಮತ್ತೆ ಬರುತ್ತಲೇ ಇದೆ.

ಆದ್ದರಿಂದ ಹೊಸ ಕಾನೂನು ಕೇಳುವ ಮೊದಲು ಒಂದು ಸರಳ ಕೆಲಸವನ್ನು ಒತ್ತಾಯಿಸೋಣ. ಪ್ರತಿ ನಿಗಮವೂ ವರ್ಷಕ್ಕೊಮ್ಮೆ ಕನ್ನಡದಲ್ಲಿ ನಾಲ್ಕು ಅಂಕಿಗಳನ್ನು ಹೇಳಲಿ: ಸರ್ಕಾರದಿಂದ ಬಂದದ್ದು, ಆಡಳಿತಕ್ಕೆ ಹೋದದ್ದು, ಹೆಸರು ಮತ್ತು ಪ್ರಚಾರಕ್ಕೆ ಹೋದದ್ದು, ಜನರಿಗೆ ತಲುಪಿದ್ದು. ಅಂತರ್ಜಾಲದ ಮೂಲೆಯಲ್ಲಿ ಹಾಕಿದರೆ ಸಾಲದು. ಫಲಾನುಭವಿಗಳನ್ನು ಆರಿಸುವ ತಾಲ್ಲೂಕಿನಲ್ಲಿಯೇ, ಅವರ ಮುಂದೆಯೇ ಅದನ್ನು ಓದಿ ಹೇಳಬೇಕು. ಹಾಗೆ ಓದಬೇಕಾಗುತ್ತದೆ ಎಂದು ಗೊತ್ತಿದ್ದರೆ ಮೂರನೆಯ ಕಾರಿನ ಕಡತಕ್ಕೆ ಸಹಿ ಹಾಕುವ ಕೈ ಒಮ್ಮೆ ತಡೆಯುತ್ತದೆ. ಕೊಳವೆಬಾವಿಗೆ ಅರ್ಜಿ ಕೊಟ್ಟು ಕಾಯುತ್ತಿರುವ ರೈತನಿಗೆ ಈ ಲೆಕ್ಕ ಕೇಳುವ ಹಕ್ಕು ಬೇರೆಲ್ಲರಿಗಿಂತ ಮೊದಲು ಸಲ್ಲುತ್ತದೆ. ಏಕೆಂದರೆ ನಿಗಮದ ಖರ್ಚು ಹೆಚ್ಚಿದಷ್ಟೂ ಅವನ ಸರದಿ ದೂರ ಸರಿಯುತ್ತದೆ.